ತೊಂಬತ್ತೊಂಬತ್ತು ವರ್ಷದ ಅನುಭವ

ಇದ್ದದ್ದು ಒಂದೇ ಪ್ರೋಗ್ರಾಮರ್ ಕೆಲಸ. ಸಂದರ್ಶನಕ್ಕೆ ಬಂದವರು ಮೆಟ್ಟಿಲ ತನಕ ನಾನೂರು ಜನ. ಒಳಗೆ ಮ್ಯಾನೇಜರ್ ಉಮಾಪತಿಯವರು ಅರ್ಜಿಯೊಂದನ್ನು ಮೇಜಿಗೆ ಬಡಿದರು.

"ಏನಮ್ಮಾ, ಮೊನ್ನೆ ಮೊನ್ನೆ ಕಾಲೇಜು ಮುಗಿಸಿದೀಯ. ತೊಂಬತ್ತೊಂಬತ್ತು ವರ್ಷ ಅನುಭವ ಅಂತ ಬರೆದಿದೀಯ. ನಾಚಿಕೆ ಆಗಲ್ವಾ?"

ಎದುರಿಗೆ ಕೂತ ಹುಡುಗಿ ಕುರ್ಚಿ ಮುಂದಕ್ಕೆಳೆದುಕೊಂಡಳು. ಇದು ಅವಳ ಮೂವತ್ತನೇ ಸಂದರ್ಶನ.

"ಸೊನ್ನೆ ಅಂತಲೇ ಹಾಕಿದೆ ಸರ್. ನಿಮ್ಮ ವೆಬ್‌ಸೈಟ್ ಒಪ್ಪಲಿಲ್ಲ. ತೊಂಬತ್ತೊಂಬತ್ತು ಹಾಕಿ ನೋಡಿದೆ, ತಕ್ಷಣ ಒಪ್ಪಿತು. ಅದನ್ನು ಮಾಡಿದವರಿಗೆ ಎಷ್ಟು ವರ್ಷ ಅನುಭವ ಸರ್?"

ಉಮಾಪತಿಯವರ ಕಿವಿ ಕೆಂಪಾಯಿತು. ಮಾಡಿದ್ದು ಅವರೇ.

"ಇಪ್ಪತ್ತೆರಡು," ಎಂದು ಗೊಣಗಿ, ಲ್ಯಾಪ್‌ಟಾಪನ್ನು ಅವಳತ್ತ ತಳ್ಳಿದರು. "ಎಲ್ಲಿ, ಸರಿಮಾಡು ನೋಡೋಣ."

ಹತ್ತು ನಿಮಿಷ ಅವಳು ಕೀಲಿಮಣೆ ಕುಟ್ಟಿದಳು. ಆಮೇಲೆ ಅವಳು ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದಳು.

"ವೆಬ್‌ಸೈಟ್ ಸೊನ್ನೆಯನ್ನು ಒಪ್ಪಿತು ಸರ್. ಇನ್ನು ನೀವು ಒಪ್ಪಿದರೆ ಆಯ್ತು."