ಮುಖವಾಡ ಬೇಡವೆಂದ ಹೀರೋ

ಹಾರುವ ವೀರನ ಹಾಸ್ಯಚಿತ್ರದ ಶೂಟಿಂಗು ಒಂದು ಮುಖವಾಡದ ಮುಂದೆ ಬಂದು ನಿಂತುಬಿಟ್ಟಿತು. ಹೀರೋ ವಜ್ರಕಾಂತ್ ಅದನ್ನು ಮೂಸಿ ನೋಡಿ ಆಚೆ ಎಸೆದ.

"ನನ್ನ ಮುಖ ಮುಚ್ಚಿದ್ರೆ ಅಭಿಮಾನಿಗಳು ಯಾರನ್ನ ನೋಡ್ಬೇಕು?"

ನಿರ್ದೇಶಕರು ಟೈಲರ್ ನಾಗೋಜಿಯ ಕಿವಿಯಲ್ಲಿ, "ಹೇಗಾದ್ರೂ ಒಪ್ಪಿಸು ಮಾರಾಯ. ಇಲ್ಲಾಂದ್ರೆ ನಾಳೆಯಿಂದ ನೀನೂ ಬರಬೇಡ" ಎಂದರು.

ನಾಗೋಜಿ ವಾದಕ್ಕೆ ಹೋಗಲಿಲ್ಲ. "ನೀವು ಹೇಳೋದೇ ಸರಿ ಬಾಸ್" ಎಂದು ಮುಖವಾಡವನ್ನು ಚೀಲಕ್ಕೆ ತುರುಕಿದ. ಆಮೇಲೆ ಟೇಪು ತೆಗೆದು ಹೀರೋನ ಸೊಂಟ ಅಳೆಯತೊಡಗಿದ.

"ಇದ್ಯಾತಕ್ಕೋ?"

"ಹಗ್ಗದ ಬೆಲ್ಟಿಗೆ ಬಾಸ್. ಮುಖವಾಡ ಇದ್ದಿದ್ರೆ ಡ್ಯೂಪ್ ಹಾರ್ತಿದ್ದ. ಈಗ ಮುಖ ಕಾಣ್ಬೇಕಲ್ಲ, ನೀರಿನ ಟ್ಯಾಂಕಿನ ಮೇಲಿಂದ ನೀವೇ ಹಾರ್ಬೇಕು."

ವಜ್ರಕಾಂತ್ ತಲೆಯೆತ್ತಿ ನೋಡಿದ. ಟ್ಯಾಂಕಿನ ತುದಿಯಲ್ಲಿ ಕೂತಿದ್ದ ಹದ್ದು ಗುಬ್ಬಿಯಷ್ಟೇ ಕಾಣುತ್ತಿತ್ತು. ಅವನು ಗಂಟಲು ಸರಿಮಾಡಿಕೊಂಡ.

"ನಾಗೋಜಿ, ಪಾತ್ರ ಅಂದ್ಮೇಲೆ ತ್ಯಾಗ ಮಾಡ್ಬೇಕಪ್ಪ. ಕೊಡು ಅದನ್ನ. ಗದ್ದಾನೂ ಮುಚ್ಚೋ ಹಾಗೆ ಹೊಲಿ."

ಚಿತ್ರ ಬಿಡುಗಡೆಯಾಯಿತು. ವೀರ ಟ್ಯಾಂಕಿನಿಂದ ಹಾರಿದಾಗ ಬಿದ್ದ ಸಿಳ್ಳೆಗೆ ಪಕ್ಕದ ಬೀದಿಯ ನಾಯಿಗಳೂ ಎದ್ದು ಕೂತವು. ಆಟ ಮುಗಿದ ಮೇಲೆ ವಜ್ರಕಾಂತ್ ಮೈಕು ಹಿಡಿದು, "ಮುಖ ಮುಚ್ಚಿಕೊಂಡು ನಟಿಸೋ ಧೈರ್ಯ ಎಷ್ಟು ಜನಕ್ಕಿದೆ ಹೇಳಿ?" ಎಂದ.

ಮೊದಲ ಚಪ್ಪಾಳೆ ನಾಗೋಜಿಯದು. ಪಕ್ಕದಲ್ಲೇ ಕೂತಿದ್ದ ಡ್ಯೂಪ್, ಒಂದು ಕೈಗೆ ಬ್ಯಾಂಡೇಜಿದ್ದುದರಿಂದ, ಸಿಳ್ಳೆ ಹೊಡೆದು ಸಹಕರಿಸಿದ.