ಒಂದು ಎಲೆ ಹೆಚ್ಚು

ಚೆಲುವ ಆಶ್ರಮ ಬಿಟ್ಟು ಹೋದ ಮೂರನೆಯ ವರ್ಷ, ಕಾರ್ತಿಕ ಮಾಸದಲ್ಲಿ ಇದು ನಡೆಯಿತು.

ಆಶ್ರಮ ಹೊಳೆಯ ದಡದಲ್ಲಿತ್ತು. ಅಲ್ಲಿ ಈಗ ಗುರುಗಳು ಮತ್ತು ಮೂವರು ಶಿಷ್ಯರಿದ್ದರು. ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಸೇರಿಸಿ ಊಟದೆಲೆ ಹಚ್ಚುವುದು ನಂಜಯ್ಯನ ಪಾಲಿನ ಕೆಲಸ. ಮೊದಲು ಚೆಲುವನೂ ಅವನ ಜೊತೆ ಕೂರುತ್ತಿದ್ದ. ಒಬ್ಬ ಎಲೆ ಜೋಡಿಸಿದರೆ ಇನ್ನೊಬ್ಬ ಕಡ್ಡಿ ಚುಚ್ಚುತ್ತಿದ್ದ.

ಅಲ್ಲೊಂದು ನಿಯಮವಿತ್ತು. ಪ್ರತಿದಿನ ಬೆಳಿಗ್ಗೆ ಶಿಷ್ಯ ಗುರುಗಳ ಬಾಗಿಲಿಗೆ ಹೋಗಿ, "ಎಲೆ ಎಷ್ಟು?" ಎಂದು ಕೇಳಬೇಕು. ಗುರುಗಳು ಹೇಳಿದಷ್ಟೇ ಹಚ್ಚಬೇಕು. ಗಿಡದಿಂದ ಸುಮ್ಮನೆ ಒಂದು ಎಲೆಯನ್ನೂ ಕೀಳಬಾರದು.

ಚೆಲುವ ಇದ್ದಾಗ ಗುರುಗಳು "ಐದು" ಎನ್ನುತ್ತಿದ್ದರು. ಅವನು ಹೋದ ಮರುದಿನ ಬೆಳಿಗ್ಗೆ "ನಾಲ್ಕು" ಎಂದರು. ಅವರ ದನಿಯಲ್ಲಿ ಏನೂ ಬದಲಾಗಿರಲಿಲ್ಲ.

ನಂಜಯ್ಯ ಅಂದು ಐದು ಹಚ್ಚಿದ.

ಮರುದಿನವೂ ಐದೇ. ಆಮೇಲೆ ಅದೇ ರೂಢಿಯಾಯಿತು. ಉಳಿದ ಒಂದನ್ನು ಸಂಜೆ ಯಾರೂ ನೋಡದಂತೆ ಎಮ್ಮೆಗೆ ತಿನ್ನಿಸಿಬಿಡುತ್ತಿದ್ದ.

ಒಂದು ದಿನ ಅವನು ಗುರುಗಳ ಮುಂದೆ ಕುಳಿತು ಕೇಳಿದ:

"ಗುರುಗಳೇ, ಧ್ಯಾನಕ್ಕೆ ಕೂತರೆ ಚೆಲುವನ ನೆನಪು ಬರುತ್ತದೆ. ಎದ್ದರೂ ಬರುತ್ತದೆ. ಮರೆಯುವುದು ಹೇಗೆ?"

"ಆಚೆ ದಡದಲ್ಲಿ ಕುಶಲಕರ್ಮಿಗಳ ಮೇಳ ನಡೆಯುತ್ತಿದೆ. ಚೆಲುವನೂ ಬಂದಿದ್ದಾನಂತೆ. ಒಂದು ದಿನ ಅವನ ಜೊತೆ ಇದ್ದು ಬಾ."

"ಮರೆಯುವ ದಾರಿ ಕೇಳಿದರೆ ನೋಡಲು ಕಳಿಸುತ್ತೀರಲ್ಲ?"

"ಮರೆಯಬೇಕಾದ್ದು ಯಾವುದು ಅಂತ ಮೊದಲು ಸರಿಯಾಗಿ ನೋಡಿಕೊಂಡು ಬಾ," ಎಂದರು ಗುರುಗಳು.

ಮರುದಿನ ನಂಜಯ್ಯ ಮೊದಲ ದೋಣಿಯಲ್ಲೇ ಹೊಳೆ ದಾಟಿದ. ಮನಸ್ಸಿನಲ್ಲಿ ಒಂದೇ ಪ್ರಶ್ನೆಯಿತ್ತು: ಯಾವಾಗ ವಾಪಸ್ಸು ಬರುತ್ತೀಯ?

ಮಾವಿನ ತೋಪಿನಲ್ಲಿ ಮೇಳ. ಕಂಬಳಿ ನೇಯುವವರು, ಬೆತ್ತದವರು, ಕಂಚಿನವರು ಸಾಲಾಗಿ ಕುಳಿತಿದ್ದರು. ತೋಪಿನ ಕೊನೆಯಲ್ಲಿ ಒಬ್ಬ ಮರದ ತುಂಡನ್ನು ತಿರುಗಿಸಿ ಬುಗುರಿ ಮಾಡುತ್ತಿದ್ದ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಣ್ಣ ಕರಗಿ ಹತ್ತುತ್ತಿತ್ತು.

ಅವನು ತಲೆ ಎತ್ತದೆಯೇ ಹೇಳಿದ: "ಬಿಸಿಲಿಗೆ ಅಡ್ಡ ನಿಂತಿರೋ ಸ್ವಾಮಿಗಳು ಸ್ವಲ್ಪ ಪಕ್ಕಕ್ಕೆ ಬರಬೇಕು."

"ಲೋ ಚೆಲುವ!"

"ನೆರಳು ನೋಡಿಯೇ ಗೊತ್ತಾಯ್ತು ಕಣೋ. ಇನ್ನೂ ಅದೇ ಕೊಕ್ಕರೆ ಕಾಲು. ಅಲ್ಲಿ ಊಟ ಹಾಕ್ತಾರೋ ಇಲ್ಲವೋ?"

"ಹಾಕ್ತಾರೆ. ನಿನಗೆ ಮಾತ್ರ ಹೊಟ್ಟೆ ಬಂದಿದೆ."

"ಹೆಂಡತಿ ಕೈ ಊಟ. ಮಗಳು ಉಳಿಸಿದ್ದನ್ನೂ ನಾನೇ ತಿನ್ನಬೇಕು."

ಮಗಳಿರುವುದು ನಂಜಯ್ಯನಿಗೆ ಗೊತ್ತಿರಲಿಲ್ಲ. "ಹೆಸರೇನು?" ಎಂದು ಕೇಳಿದ.

"ಹೊನ್ನಿ. ಹಳದಿ ಬಣ್ಣ ಅಂದ್ರೆ ಪ್ರಾಣ. ಅರಗಿನ ಕಡ್ಡಿ ಕಂಡರೆ ಬಾಯಿಗೆ ಹಾಕ್ಕೋತಾಳೆ."

ಚೆಲುವ ಪಕ್ಕದ ಬೆತ್ತದವನಿಗೆ ಅಂಗಡಿ ನೋಡಿಕೊಳ್ಳಲು ಹೇಳಿ ಎದ್ದ. ಇಬ್ಬರೂ ಮೇಳ ಸುತ್ತಿದರು. ಕಂಬಳಿ ಮುಟ್ಟಿ ನೋಡಿದರು. ಒಂದು ಕಂಚಿನ ಗಂಟೆ ಬಾರಿಸಿ, ಅದರ ದನಿ ಪೂರ್ತಿ ಅಡಗುವವರೆಗೆ ನಿಂತರು. ಅಂಗಡಿಯವನು "ತಗೊಳ್ಳೋದಾದ್ರೆ ಬಾರಿಸಿ" ಎಂದು ಗದರಿದಾಗ ಎಳೆಯರಂತೆ ನಗುತ್ತ ಓಡಿದರು.

ಮಧ್ಯಾಹ್ನ ಮಂಡಕ್ಕಿ ಕಟ್ಟಿಸಿಕೊಂಡು ಮರದ ಕೆಳಗೆ ಕುಳಿತರು. ಚೆಲುವ ಪೊಟ್ಟಣದೊಳಗಿನ ಕಡಲೆಬೀಜ ಹುಡುಕಿ ಹುಡುಕಿ ತಿಂದ. ಮೊದಲೂ ಹೀಗೆಯೇ ಮಾಡುತ್ತಿದ್ದ.

ನಂಜಯ್ಯ ಈಗ ಕೇಳೋಣ ಎಂದುಕೊಂಡ. ಪೊಟ್ಟಣ ಮುಗಿಯಲಿ ಎಂದು ಸುಮ್ಮನಾದ. ಮುಗಿದಾಗ ಬೇರೇನೋ ಕೇಳಿದ.

"ನೀನು ಯಾಕೆ ಹೋದೆ ಅಂತ ನನಗೆ ಇನ್ನೂ ತಿಳಿದಿಲ್ಲ."

"ಕಣ್ಣು ಮುಚ್ಚಿದರೆ ನಿಮಗೆಲ್ಲ ಶಾಂತಿ ಕಾಣ್ತಿತ್ತು. ನನಗೆ ಬಣ್ಣ ಕಾಣ್ತಿತ್ತು. ಗುರುಗಳಿಗೆ ಹೇಳಿದೆ."

"ಅವರೇನಂದರು?"

"ಹಾಗಾದರೆ ಕಣ್ಣು ಬಿಟ್ಟುಕೊಂಡು ಹೋಗು ಅಂದರು."

ಇಬ್ಬರೂ ನಕ್ಕರು. ಚೆಲುವ ಮೊದಲು ನಗು ನಿಲ್ಲಿಸಿದ.

ಇಳಿಬಿಸಿಲಿಗೆ ಅಂಗಡಿಗೆ ಮರಳಿದರು. ಚೆಲುವ ಒಂದು ಹೊಸ ಬುಗುರಿಗೆ ಕೆಂಪು ಹತ್ತಿಸಿ, ತಾಳೆಗರಿ ಒತ್ತಿ ಹೊಳಪು ಕೊಡತೊಡಗಿದ.

"ನೋಡು, ಎಲೆ ನನ್ನನ್ನು ಬಿಟ್ಟಿಲ್ಲ," ಎಂದ. ಗರಿ ಒತ್ತುತ್ತಲೇ ಕೇಳಿದ: "ಗುರುಗಳು ಈಗಲೂ ಬೆಳಿಗ್ಗೆ ಲೆಕ್ಕ ಹೇಳ್ತಾರಾ?"

"ಹೇಳ್ತಾರೆ."

"ಎಷ್ಟು ಅಂತಾರೆ?"

"ನಾಲ್ಕು."

ಚೆಲುವ ತಲೆಯಾಡಿಸಿದ. "ಸರಿ. ಲೆಕ್ಕ ಸರಿಯಾಗೇ ಇದೆ," ಎಂದ. ಆದರೆ ಗರಿಯನ್ನು ಒಂದೇ ಕಡೆ ಒತ್ತಿ ಹಿಡಿದಿದ್ದ. ಅರಗು ಬಿಸಿಯಾಗಿ ಸುಟ್ಟಿತು. ಕೆಂಪಿನ ನಡುವೆ ಒಂದು ಕಪ್ಪು ಪಟ್ಟಿ ಮೂಡಿತು.

"ಥೂ," ಎಂದು ಮರ ನಿಲ್ಲಿಸಿದ. "ವರ್ಷದ ಮೇಲಾಯ್ತು ಹೀಗೆ ಸುಟ್ಟು."

ತಾನು ಐದು ಹಚ್ಚುವ ವಿಷಯ ನಂಜಯ್ಯನ ನಾಲಿಗೆಯವರೆಗೆ ಬಂತು. ನಿಯಮ ಮುರಿದ ನಾಚಿಕೆಯಿಂದ ನುಂಗಿಕೊಂಡ. ಅದರ ಬದಲು ಬೆಳಗಿನಿಂದ ಹೊತ್ತಿದ್ದ ಪ್ರಶ್ನೆ ಕೇಳಿಬಿಟ್ಟ.

"ಯಾವಾಗ ವಾಪಸ್ಸು ಬರ್ತೀಯ?"

"ಬರೋದಿಲ್ಲ ಕಣೋ."

"ಇರೋದಕ್ಕೆ ಬೇಡ. ಒಂದು ದಿನ ಬಂದು ಹೋಗು."

"ಒಂದು ದಿನ ಬಂದರೆ ಮತ್ತೆ ಹೊರಡೋಕೆ ನನ್ನಿಂದ ಆಗಲ್ಲ. ಮನೇಲಿ ಹೊನ್ನಿ ಕಾಯ್ತಿರ್ತಾಳೆ." ಚೆಲುವ ಮುಖ ತಿರುಗಿಸಿಕೊಂಡ. "ಇನ್ನು ಕೇಳಬೇಡ."

ಕೊನೆಯ ದೋಣಿಯವನು ಕೂಗು ಹಾಕಿದ. ನಂಜಯ್ಯ ಎದ್ದ. ಚೆಲುವ ಕಪ್ಪು ಪಟ್ಟಿಯ ಆ ಬುಗುರಿಯನ್ನೇ ಕೊಡಲು ಬಂದ.

"ಬೇಡ. ನಾವು ಸ್ವಂತಕ್ಕೆ ಏನನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ನಿನಗೆ ಗೊತ್ತಲ್ಲ."

"ಗೊತ್ತು. ಹಾಗಾದರೆ ಕೈ ಚಾಚು."

ಚೆಲುವ ದಾರ ಸುತ್ತಿ ಬುಗುರಿ ಬೀಸಿದ. ನೆಲ ಮುಟ್ಟುವ ಮೊದಲೇ ಎಳೆದು ತನ್ನ ಅಂಗೈಗೆ ತಂದುಕೊಂಡ. ಅಲ್ಲಿಂದ ಮೆಲ್ಲಗೆ ನಂಜಯ್ಯನ ಅಂಗೈಗೆ ದಾಟಿಸಿದ. ತಿರುಗುವಾಗ ಕಪ್ಪು ಪಟ್ಟಿ ಕಾಣಲಿಲ್ಲ.

ಅದು ನಿಲ್ಲುವವರೆಗೆ ಇಬ್ಬರೂ ಅದನ್ನೇ ನೋಡಿದರು.

ನಿಂತ ಮೇಲೆ ಚೆಲುವ ಬುಗುರಿ ಎತ್ತಿಕೊಂಡ. "ಹೊರಡು. ದೋಣಿ ಹೋಗುತ್ತೆ."

ಮರುದಿನ ಬೆಳಿಗ್ಗೆ ನಂಜಯ್ಯ ಗುರುಗಳನ್ನು ಕೇಳುವ ಮೊದಲೇ ಎಲೆ ಹಚ್ಚಿ ಮುಗಿಸಿದ. ನಾಲ್ಕು. ಮತ್ತೊಮ್ಮೆ ಎಣಿಸಿದ. ಮಿಕ್ಕ ಕಡ್ಡಿಗಳನ್ನು ಕಟ್ಟಿಟ್ಟು ಗುರುಗಳ ಬಾಗಿಲಿಗೆ ಹೋದ.

ಗುರುಗಳು ಹೊಳೆಯ ಕಡೆ ಮುಖ ಮಾಡಿ ಕುಳಿತಿದ್ದರು.

"ಹೇಗಿದ್ದಾನೆ?"

"ಚೆನ್ನಾಗಿದ್ದಾನೆ. ಮಗಳಿದ್ದಾಳೆ. ಹೆಸರು ಹೊನ್ನಿ."

"ಬರುತ್ತಾನಂತಾ?"

"ಇಲ್ಲ. ಬಂದರೆ ಮತ್ತೆ ಹೊರಡಲು ಆಗುವುದಿಲ್ಲವಂತೆ."

ಗುರುಗಳು ನೀರಿನಿಂದ ಕಣ್ಣು ತೆಗೆಯಲಿಲ್ಲ. "ಏನಾದರೂ ಕೇಳಿದನಾ?"

"ನೀವು ಬೆಳಿಗ್ಗೆ ಎಷ್ಟು ಎನ್ನುತ್ತೀರಿ ಅಂತ ಕೇಳಿದ. ನಾಲ್ಕು ಅಂದೆ."

"ಅದಕ್ಕೆ?"

"ಲೆಕ್ಕ ಸರಿಯಾಗಿದೆ ಅಂದ. ಕೈಯಲ್ಲಿದ್ದ ಬುಗುರಿ ಸುಟ್ಟುಕೊಂಡ."

ಕೊಟ್ಟಿಗೆಯಲ್ಲಿ ಎಮ್ಮೆ ಒಮ್ಮೆ ಕೂಗಿತು.

"ಇವತ್ತು ಸಂಜೆ ಅದಕ್ಕೆ ಎಲೆ ಇದೆಯಾ?" ಎಂದು ಗುರುಗಳು ಕೇಳಿದರು.

ನಂಜಯ್ಯನ ಮುಖ ಕೆಂಪಾಯಿತು. "ನಿಮಗೆ ಗೊತ್ತಿತ್ತಾ?"

"ಬಾಯಿಗೆ ಚುಚ್ಚೀತು ಅಂತ ನೀನು ಒಂದೊಂದೇ ಕಡ್ಡಿ ಬಿಡಿಸಿ ಹಾಕುತ್ತಿದ್ದೆ. ಅದೂ ಗೊತ್ತು."

"ಇನ್ನು ಆ ತಪ್ಪು ಮಾಡುವುದಿಲ್ಲ, ಗುರುಗಳೇ. ಅವನು ಬರುವುದಿಲ್ಲ ಅಂತ ನಿಶ್ಚಯವಾಯಿತು. ಇವತ್ತು ನಾಲ್ಕೇ ಹಚ್ಚಿದ್ದೇನೆ."

"ಮರೆತೆಯಾ?"

"ಮರೆತೆ."

"ಬಲಗೈಯಲ್ಲಿ ಏನಿದೆ?"

"ಏನೂ ಇಲ್ಲ."

"ಮತ್ತೆ ನಿನ್ನೆ ಸಂಜೆ ದೋಣಿ ಇಳಿದಾಗಲೂ ಈಗಲೂ ಮುಷ್ಟಿ ಯಾಕೆ ಬಿಗಿಹಿಡಿದಿದ್ದೀಯ?"

ನಂಜಯ್ಯ ಕೈಯನ್ನು ನೋಡಿಕೊಂಡ. ಮೆಲ್ಲಗೆ ಬಿಚ್ಚಿದ. ಅಂಗೈ ಖಾಲಿಯಿತ್ತು. ಅದನ್ನೇ ನೋಡುತ್ತ ನಿಂತ.

ಗುರುಗಳೂ ನೋಡಿದರು.

"ನಾನು ಹೇಳುವ ಮೊದಲೇ ನೀನು ಎಲೆ ಹಚ್ಚಿದೆ," ಎಂದರು ಆಮೇಲೆ.

"ಮೂರು ವರ್ಷದಿಂದ ನೀವು ಹೇಳುವುದು ಒಂದೇ ಲೆಕ್ಕ. ಅದಕ್ಕೆ..."

"ಇವತ್ತು ನೀನು ಕೇಳಿಲ್ಲ."

ಅಂಗಳದಲ್ಲಿ ಉಳಿದಿಬ್ಬರು ಶಿಷ್ಯರು ಕಸ ಗುಡಿಸುತ್ತಿದ್ದರು. ಬೇರೆ ಯಾರೂ ಬಂದಿರಲಿಲ್ಲ. ದಡದಲ್ಲಿ ದೋಣಿಯೂ ಇರಲಿಲ್ಲ.

ನಂಜಯ್ಯ ಎಂದಿನಂತೆ ಹೊಸ್ತಿಲ ಆಚೆ ನಿಂತು ಕೈ ಮುಗಿದ.

"ಎಲೆ ಎಷ್ಟು, ಗುರುಗಳೇ?"

"ಐದು."