ಡೈನೊ ಕಾಗದ, ಘಾಟಿ ರಸ್ತೆ

ಬೆಳ್ತಂಗಡಿಯ ಪದ್ಮರಾಜ ಬಲ್ಲಾಳರು ತಮ್ಮ ರ್‍ಯಾಲಿ ಕಾರನ್ನು ಡೈನೊ ಯಂತ್ರದ ಉರುಳೆಗಳ ಮೇಲೆ ನಿಂತಲ್ಲೇ ಓಡಿಸಿ ಟ್ಯೂನ್ ಮಾಡಿಸಿದ್ದರು. ಯಂತ್ರ ಕೊಟ್ಟ ಕಾಗದದಲ್ಲಿ ಎಂಜಿನ್ ಶಕ್ತಿಯ ಅಂಕಿಗಳು ಭರ್ಜರಿಯಾಗಿದ್ದವು. ಘಾಟಿ ಏರುವಾಗ ಮಾತ್ರ ಕಾರು ಮುಗ್ಗರಿಸುತ್ತಿತ್ತು. ನಾಡಿದ್ದೇ ರ್‍ಯಾಲಿ.

"ಯಂತ್ರ ಸುಳ್ಳು ಹೇಳುವುದಿಲ್ಲ. ರಸ್ತೆಯಲ್ಲಿ ಓಡಿಸಿ ಟ್ಯೂನ್ ಮಾಡುವುದೆಲ್ಲ ನನ್ನ ಕಾರಿಗೆ ಬೇಡ. ಇಲ್ಲೇ ಸರಿ ಮಾಡು!" ಎಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಇಸುಬುವನ್ನು ಗದರಿದರು.

"ಆಯ್ತು ಬಲ್ಲಾಳರೇ. ಮೊದಲು ಘಾಟಿ ಮೇಲೆ ಒಂದು ಚಾ ಕುಡಿದು ಬರುವ. ನೀವೇ ಓಡಿಸಿ," ಎಂದ ಇಸುಬು. ಪಕ್ಕದಲ್ಲಿ ಕೂತು, ಕಾರಿನ ಎಂಜಿನ್ನಿಗೆ ತಂತಿ ಜೋಡಿಸಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ತಿರುವು ತಿರುವಿಗೂ ಪೆಟ್ರೋಲಿನ ಅಳತೆ ತಿದ್ದುತ್ತಾ ಹೋದ.

ಚಾದಂಗಡಿ ಬರುವಷ್ಟರಲ್ಲಿ ಕಾರು ಸಲೀಸಾಗಿ ಏರುತ್ತಿತ್ತು. ಬಲ್ಲಾಳರು ಬೀಗಿದರು. "ನೋಡಿದೆಯಾ? ಕಾಗದ ಹೇಳಿದ್ದೇ ಸರಿ!"

"ಹೌದು ಬಲ್ಲಾಳರೇ. ಪಾಪ, ಈ ರಸ್ತೆಗೆ ಓದಲಿಕ್ಕೆ ಬರುವುದಿಲ್ಲ. ನಾನು ಸ್ವಲ್ಪ ಓದಿ ಹೇಳಿದೆ."

ಬಲ್ಲಾಳರು ಲ್ಯಾಪ್‌ಟಾಪಿನತ್ತ ನೋಡಿದರು. ವಿಷಯ ಹೊಳೆದು ಜೋರಾಗಿ ನಕ್ಕುಬಿಟ್ಟರು.

"ಮಾರಾಯ, ನಾಡಿದ್ದು ಈ ಸೀಟಿನಲ್ಲಿ ನೀನೇ ಕೂರಬೇಕು!"